ನೆರೆಮನೆಯವರ ಪಾರ್ಕರ್ ಕೋವಿ: ಕೆತ್ತನೆಗೆ ಎಷ್ಟು ಕೊಡಬೇಕು?

ಪ್ರಶ್ನೆ: ನಾನು ಕೊಡಗಿನವನು, ಈಗ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ನಮ್ಮ ನೆರೆಮನೆಯ ಹಿರಿಯರು ತಮ್ಮ ಜೋಡುನಳಿಗೆ ಕೋವಿ ಮಾರಬೇಕೆಂದಿದ್ದಾರೆ. ಪಾರ್ಕರ್ ರಿಪ್ರೊಡಕ್ಷನ್, ಡಿಎಚ್‌ಇ ದರ್ಜೆ, 28 ಗೇಜ್ (ನಳಿಗೆಯ ತೂತಿನ ಅಳತೆ), ಪೆಟ್ಟಿಗೆ ಸಮೇತ. "ಪೂರಾ ಕೈಕೆತ್ತನೆ, ಅದಕ್ಕೇ ರೇಟು ಜಾಸ್ತಿ. ಇದರ ಬೆಲೆ ಯಾವತ್ತೂ ಇಳಿಯಲ್ಲ" ಅನ್ನುತ್ತಾರೆ. ನಿಜಾನಾ? ಕೆತ್ತನೆ ಹೇಗೆ ನೋಡಬೇಕು, ಬೆಲೆ ಹೇಗೆ ಕಟ್ಟಬೇಕು? ಮುಂದೆ ಊರಿಗೆ ಮರಳುವಾಗ ಜೊತೆಗೆ ತರಬಹುದಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಕೆತ್ತನೆಗೆ ಅಂತ ಬೇರೆಯಾಗಿ ಒಂದು ಡಾಲರೂ ಕೊಡಬೇಡಿ. ಡಿಎಚ್‌ಇ ಅಂದಕೂಡಲೇ ಕೆತ್ತನೆಯ ಬೆಲೆ ಅದರೊಳಗೇ ಬಂತು. ಮಸಾಲೆ ದೋಸೆಗೆ ದುಡ್ಡು ಕೊಟ್ಟ ಮೇಲೆ ಒಳಗಿನ ಪಲ್ಯಕ್ಕೆ ಇನ್ನೊಂದು ಬಿಲ್ಲು ಹಾಕಿದರೆ ಕೊಡುತ್ತೀರಾ? ಹಾಗಂತ ಕೆತ್ತನೆಯನ್ನು ನೋಡದೆ ಬಿಡಬೇಡಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡಿ. ಈ ಕೋವಿ ಇಷ್ಟು ವರ್ಷ ಹೇಗೆ ಬಾಳಿದೆ, ಯಾರಾದರೂ ಕೈಹಾಕಿ ಕೆಡಿಸಿದ್ದಾರಾ ಅನ್ನೋದನ್ನು ಕೆತ್ತನೆಯೇ ಹೇಳುತ್ತದೆ. ನನ್ನ ಪ್ರಕಾರ ಇಂಥ ಕೋವಿಯಲ್ಲಿ ಕೆತ್ತನೆ ಒಡವೆಗಿಂತ ಹೆಚ್ಚಾಗಿ ಸಾಕ್ಷಿ.

ಈ ಕೋವಿಯ ಹುಟ್ಟು ಗೊತ್ತಿದ್ದರೆ ಮುಂದಿನದು ಸುಲಭ. ಅಸಲಿ ಪಾರ್ಕರ್ ಕೋವಿಗಳು ಕನೆಕ್ಟಿಕಟ್ ರಾಜ್ಯದ ಮೆರಿಡನ್ ಊರಿನವು. 1860ರ ದಶಕದ ಕೊನೆಯಲ್ಲಿ ಶುರುವಾದ ಕೆಲಸ. 1934ರಲ್ಲಿ ರೆಮಿಂಗ್ಟನ್ ಕಂಪನಿ ಪಾರ್ಕರನ್ನು ಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ತಯಾರಿಕೆ ನಿಂತೇಹೋಯಿತು. ಅಷ್ಟರಲ್ಲಿ ಒಟ್ಟು ಸುಮಾರು 2.4 ಲಕ್ಷ ಕೋವಿಗಳು ಹೊರಬಂದಿದ್ದವು. ದರ್ಜೆಗಳಿಗೆ ಅಕ್ಷರದ ಹೆಸರು. ಕೆಳಗಿನದು ಟ್ರೋಜನ್, ಆಮೇಲೆ ವಿ, ಜಿ, ಡಿ, ಸಿ, ಬಿ, ಎ, ಡಬಲ್ ಎ, ಮೇಲೆ ಎ-1 ಸ್ಪೆಷಲ್. ನಿಮ್ಮ ಡಿಎಚ್‌ಇಯಲ್ಲಿ ಡಿ ಅಂದರೆ ದರ್ಜೆ. ಎಚ್ ಅಂದರೆ ಹೊರಗೆ ಕುದುರೆ (ತೋಟೆ ಸಿಡಿಸಲು ಬಡಿಯುವ ಸುತ್ತಿಗೆ) ಕಾಣದ ಕೋವಿ. ಇ ಅಂದರೆ ಹೊಡೆದ ತೋಟೆಯನ್ನು ತಾನೇ ಹೊರಗೆ ಚಿಮ್ಮಿಸುವ ಎಜೆಕ್ಟರ್. ಅಂದರೆ ಡಿ ಮಧ್ಯಮ ದರ್ಜೆ. ಕೆತ್ತನೆಯೂ ಮಧ್ಯಮವೇ.

ತಯಾರಿಕೆ ನಿಂತು ನಾಲ್ಕು ದಶಕ ಆದ ಮೇಲೆ, 1984ರ ಸುಮಾರಿಗೆ, ನ್ಯೂ ಜೆರ್ಸಿಯ ಟಾಮ್ ಸ್ಕ್ಯೂಸ್ ಎಂಬ ಪಾರ್ಕರ್ ಪ್ರೇಮಿ ಈ ಕೋವಿಯನ್ನು ಮತ್ತೆ ಮಾಡಿಸಿದರು. ಪಾರ್ಕರ್ ರಿಪ್ರೊಡಕ್ಷನ್ ಅಂದರೆ ಇವೇ. ರಿಏಜೆಂಟ್ ಕೆಮಿಕಲ್ ಎಂಬ ಕಂಪನಿ ಅವರದ್ದು. ಮಾಡಿಕೊಟ್ಟದ್ದು ಜಪಾನಿನ ತೊಚಿಗಿಯ ಓಲಿನ್-ಕೊಡೆನ್ಶಾ ಕಾರ್ಖಾನೆ. ವಿಂಚೆಸ್ಟರ್ 101 ಮತ್ತು 23 ಎಂಬ ಕೋವಿಗಳೂ ಅಲ್ಲಿಯವೇ. ಜಪಾನಿನವರು ಸುಮ್ನೆ ಹೊರಗಿನ ರೂಪ ನಕಲು ಮಾಡಲಿಲ್ಲ, ಒಳಗಿನ ಯಂತ್ರವನ್ನೂ ಅಸಲಿಯ ಹಾಗೇ ಕಟ್ಟಿದರು. 1980ರ ದಶಕದ ಕೊನೆಗೆ ಅಲ್ಲಿಯ ಕೆಲಸವೂ ನಿಂತಿತು. ಹಾಗಾಗಿ ಇವು "ಇಷ್ಟೇ ಮಾಡುತ್ತೇವೆ" ಅಂತ ಲೆಕ್ಕ ಹಾಕಿ ಮಾರಿದ ನೆನಪಿನ ಕೋವಿಗಳಲ್ಲ. ಕಾರ್ಖಾನೆ ನಿಂತದ್ದರಿಂದ ಮಿತಿಯಾದವು. ಅಪರೂಪ ಹೌದು, ದುರ್ಲಭ ಅಲ್ಲ. ಹುಡುಕಿದರೆ ಅಮೆರಿಕದಲ್ಲಿ ಸಿಗುತ್ತವೆ.

ಇದು ಅಸಲಿಯೋ ಮರುತಯಾರಿಕೆಯೋ ಅನ್ನುವ ಗೊಂದಲ ನಿಮಗಿಲ್ಲ. ಆದರೂ ಗುರುತು ಗೊತ್ತಿರಲಿ. ರಿಪ್ರೊಡಕ್ಷನ್ ನಂಬರಿನ ಮುಂದೆ ಗೇಜ್ ಇರುತ್ತದೆ. ನಿಮ್ಮದು 28 ಅಂತ ಶುರುವಾಗಿ, ಒಂದು ಗೆರೆ, ಆಮೇಲೆ ಕ್ರಮಸಂಖ್ಯೆ. 1968ರ ಅಮೆರಿಕದ ಕಾನೂನಿನ ಪ್ರಕಾರ ಆಮದಾದ ಕೋವಿಯ ಮೇಲೆ ಆಮದುದಾರರ ಹೆಸರು, ತಯಾರಾದ ದೇಶ ಇರಲೇಬೇಕು. ಮೆರಿಡನ್‌ನಲ್ಲಿ ಹುಟ್ಟಿದ ಕೋವಿಗೆ ಅದರ ಅಗತ್ಯ ಇರಲಿಲ್ಲ. ಬದಲಿಗೆ ಅಸಲಿಯ ನಳಿಗೆಯ ಬುಡದಲ್ಲಿ ಬಾಡಿಯ (ನಳಿಗೆಯನ್ನೂ ಮರದ ಹಿಡಿಯನ್ನೂ ಕೂಡಿಸುವ ನಡುವಿನ ಲೋಹದ ಭಾಗ) ಅಳತೆ ಮತ್ತು ನಳಿಗೆಯ ತೂಕವನ್ನು ಒತ್ತಿರುತ್ತಿದ್ದರು.

ಇನ್ನು ಕೆತ್ತನೆ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರ ತೆಗೆದುಕೊಂಡು ಹೋಗಿ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ಜೊತೆಗೆ ಸಣ್ಣ ಟಾರ್ಚ್. ಕೋವಿ ಖಾಲಿ ಇದೆಯಾ ಅಂತ ನೀವೇ ತೆರೆದು ನೋಡಿ. ಆಮೇಲೆ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ, ಲೋಹಕ್ಕೆ ತಾಗಿದ ಹಾಗೆ ಹಿಡಿಯಿರಿ. ಸಂಜೆಯ ಓರೆ ಬಿಸಿಲಲ್ಲಿ ಶಿಲ್ಪ ಎದ್ದು ಕಾಣುವುದಿಲ್ಲವಾ, ಅದೇ ಲೆಕ್ಕ.

ಉಳಿಯಿಂದ ಕೈಯಲ್ಲೇ ಕೆತ್ತಿದ ಗೆರೆಯ ತಳ ಇಂಗ್ಲಿಷಿನ ವಿ ಅಕ್ಷರದ ಹಾಗೆ ಚೂಪಾಗಿರುತ್ತದೆ. ಎರಡೂ ಬದಿ ನಯವಾಗಿ ಹೊಳೆಯುತ್ತವೆ. ಗೆರೆ ತೆಳ್ಳಗೆ ಶುರುವಾಗಿ, ತಿರುವಿನಲ್ಲಿ ದಪ್ಪಗಾಗಿ, ಮತ್ತೆ ಕೂದಲೆಳೆಯಾಗಿ ಮುಗಿಯುತ್ತದೆ. ಎರಡು ಬಳ್ಳಿ ಪಕ್ಕಪಕ್ಕ ಇದ್ದರೆ ಒಂದು ಇನ್ನೊಂದರ ಹಾಗಿರುವುದಿಲ್ಲ. ಅಲ್ಲಲ್ಲಿ ಉಳಿ ಒಂದು ಚೂರು ಮುಂದೆ ಜಾರಿದ್ದು ಕಾಣಬಹುದು. ಅದನ್ನು ತಪ್ಪು ಅಂತ ನೋಡಬೇಡಿ, ಖುಷಿಪಡಿ. ಆ್ಯಸಿಡ್‌ನಲ್ಲಿ ತಿನ್ನಿಸಿದ ಗೆರೆಯ ತಳ ಚಪ್ಪಟೆ, ಬಣ್ಣ ಮಂಕು, ಅಂಚು ಮೆತ್ತಗೆ. ಲೇಸರ್ ಗೆರೆಯ ತಳದಲ್ಲಿ ಒರಟು ಒರಟಾಗಿ ಚುಕ್ಕೆಗಳ ಸಾಲು ಕಾಣುತ್ತದೆ, ಅಗಲ ಮೊದಲಿನಿಂದ ಕೊನೆವರೆಗೂ ಒಂದೇ. ಅಚ್ಚು ಉರುಳಿಸಿ ಒತ್ತಿದ ಕೆತ್ತನೆಯಲ್ಲಿ ಲೋಹ ಕತ್ತರಿಸಿ ಹೊರಗೆ ಬಂದಿರುವುದಿಲ್ಲ, ಬದಿಗೆ ಸರಿದಿರುತ್ತದೆ. ಅಂಚಿನಲ್ಲಿ ಸಣ್ಣ ಉಬ್ಬು ಬೆರಳಿಗೂ ತಾಗಬಹುದು.

ತೊಡಕು ಇರುವುದು ಇವುಗಳ ನಡುವೆ. ಯಂತ್ರದಿಂದಲೋ ಆ್ಯಸಿಡ್‌ನಿಂದಲೋ ಚಿತ್ರ ಮೂಡಿಸಿ, ಆಮೇಲೆ ಕೈಯಲ್ಲಿ ಉಳಿ ಹಿಡಿದು ಗೆರೆಗಳನ್ನು ತೀಡುವ ಪದ್ಧತಿ ಈ ಕಸುಬಿನಲ್ಲಿ ಹಳೆಯದೇ. ಆಗ ಮಾರುವವರು "ಕೈಕೆತ್ತನೆ" ಅಂದರೆ ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಗುರುತು ಹಿಡಿಯಲು ನಾನು ಹಕ್ಕಿಯ ರೆಕ್ಕೆಯ ಒಳಗಿನ ಸಣ್ಣ ಗೆರೆಗಳನ್ನು ನೋಡುತ್ತೇನೆ. ಹೊರರೇಖೆ ಮಂಕಾಗಿ, ಚಪ್ಪಟೆಯಾಗಿದ್ದು, ಒಳಗಿನ ಗರಿಗಳು ಮಾತ್ರ ಹೊಳೆದರೆ ಅದು ಬೆರಕೆ ಕೆಲಸ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಅದೇ ದರ್ಜೆಯ ಮತ್ತೊಂದು ಕೋವಿಯ ಸ್ಪಷ್ಟವಾದ ಫೋಟೋ ಪಕ್ಕಕ್ಕೆ ಇಟ್ಟುಕೊಳ್ಳಿ. ನಾಯಿಯ ಬಾಲ, ಹುಲ್ಲಿನ ಎಸಳು, ಬಳ್ಳಿಯ ಕೊನೆ, ಮೂರನ್ನೂ ಹೋಲಿಸಿ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಿದ್ದರೆ ಇಬ್ಬರು ಮನುಷ್ಯರು ಕೂತು ಅದನ್ನು ಬಿಡಿಸಿಲ್ಲ ಅಂತ ಅರ್ಥ.

ಚಿತ್ರ ಚೆನ್ನಾಗಿದೆಯಾ ಅನ್ನೋದು ಬೇರೆ ಮಾತು. ಪ್ರಾಣಿಯ ಮೈಕಟ್ಟು ನೋಡಿ. ಬೇಟೆನಾಯಿ ಹಕ್ಕಿಯ ವಾಸನೆ ಹಿಡಿದು ನಿಂತಾಗ ಭಾರ ಯಾವ ಕಾಲಿನ ಮೇಲಿದೆ, ಕುತ್ತಿಗೆ ಬಿಗಿದಿದೆಯಾ, ಕಣ್ಣು ಎಲ್ಲಿ ನೋಡುತ್ತಿದೆ. ಹಕ್ಕಿಯ ರೆಕ್ಕೆ ಭುಜದಿಂದ ಹೊರಟಿದೆಯಾ, ಬೆನ್ನಿಗೆ ಅಂಟಿಸಿದ ಹಾಗಿದೆಯಾ. ಸ್ಕ್ರೂ ತಲೆಯ ಮೇಲೆ ಹಾದು ಹೋಗುವ ಬಳ್ಳಿ ಆಚೆ ಕಡೆ ಸರಿಯಾಗಿ ಕೂಡುತ್ತದೆಯಾ. ಅಂಚಿನ ಗೆರೆಗಳು ಮೂಲೆಯಲ್ಲಿ ಸೇರುತ್ತವಾ. ಒಂದು ತಮಾಷೆ ಹೇಳುತ್ತೇನೆ. ಹಳೆಯ ಮೆರಿಡನ್ ಪಾರ್ಕರ್‌ಗಳ ಮೇಲಿನ ಕೆಲವು ನಾಯಿಗಳು ನನ್ನ ಕಣ್ಣಿಗೆ ಕುರಿಯ ಹಾಗೆ ಕಾಣುತ್ತವೆ! ಜಪಾನಿನ ನಾಯಿಗಳು ಅದಕ್ಕಿಂತ ಚೊಕ್ಕ. ಆದರೂ ಸಂಗ್ರಹಕಾರರು ಕುರಿಯಂಥ ನಾಯಿಗೇ ಹತ್ತು ಪಟ್ಟು ದುಡ್ಡು ಸುರಿಯುತ್ತಾರೆ. ಕೆತ್ತನೆಯ ಚೆಂದಕ್ಕೂ ಕೋವಿಯ ಬೆಲೆಗೂ ನೇರ ನಂಟಿಲ್ಲ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ನೀವು ಕೊಡಗಿನವರಾದ್ದರಿಂದ ಹೀಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಮನೆಯ ಹಳೆಯ ಪೀಚೆಕತ್ತಿಯ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಠಾರಿ) ಬೆಳ್ಳಿ ಕೆಲಸವನ್ನೂ ಈಗ ಅಂಗಡಿಯಲ್ಲಿ ಸಿಗುವ ಅಚ್ಚಿನ ಕೆಲಸವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಣ್ಣು ಪಳಗಿಸಲು ಅದಕ್ಕಿಂತ ಒಳ್ಳೆ ಪಾಠ ಇಲ್ಲ.

ಸಾಕ್ಷಿಯ ಮಾತಿಗೆ ಬರೋಣ. ಹಳೆಯ ಕೋವಿಯನ್ನು ಹೊಸದರಂತೆ ಕಾಣಿಸಲು ಕೆಲವರು ಯಂತ್ರದ ಚಕ್ರಕ್ಕೆ ಹಿಡಿದು ಉಜ್ಜುತ್ತಾರೆ. ಆಗ ಮೊದಲು ಸಾಯುವುದು ಕೆತ್ತನೆಯ ಸಣ್ಣ ಗೆರೆಗಳು. ಹಕ್ಕಿಯ ಎದೆಯ ಗರಿ ಮಾಯವಾಗುತ್ತದೆ. ಅಕ್ಷರಗಳ ಒಂದು ಬದಿ ಆಳ, ಇನ್ನೊಂದು ಬದಿ ಮಸುಕು ಆಗುತ್ತದೆ. ಸ್ಕ್ರೂ ತೂತಿನ ಸುತ್ತ ತಗ್ಗು ಬೀಳುತ್ತದೆ. ಬಾಡಿಯ ಚೂಪು ಅಂಚು ಸೋಪಿನ ತುಂಡಿನ ಹಾಗೆ ದುಂಡಗಾಗುತ್ತದೆ. ಲೋಹವನ್ನು ಉಜ್ಜಿ ತೆಗೆದದ್ದರಿಂದ ಮರ ಅದಕ್ಕಿಂತ ಎತ್ತರಕ್ಕೆ ನಿಲ್ಲುತ್ತದೆ. ಮರವನ್ನು ಉಜ್ಜಿದ್ದರೆ ಇದರ ಉಲ್ಟಾ, ಮರ ತಗ್ಗಾಗಿ ಲೋಹದ ಅಂಚು ಬೆರಳಿಗೆ ಚುಚ್ಚುತ್ತದೆ.

ಇದನ್ನು ನಾನು ಕಲಿತದ್ದು ದುಡ್ಡು ಕಳಕೊಂಡು. ಹಲವು ವರ್ಷದ ಹಿಂದೆ ಒಬ್ಬ ವ್ಯಾಪಾರಿಯ ಹತ್ತಿರ 20 ಗೇಜಿನ ಒಂದು ಡಿಎಚ್‌ಇ ಕೊಂಡೆ. ಫಳಫಳ ಅನ್ನುತ್ತಿತ್ತು. "ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲ" ಅಂದರು. ಮನೆಗೆ ಬಂದು ಮಸೂರ ಹಿಡಿದರೆ ನಾಯಿಗೆ ಕಣ್ಣೇ ಇರಲಿಲ್ಲ. ಯಾರೋ ಉಜ್ಜಿ, ಮೇಲೆ ಮತ್ತೆ ಬಣ್ಣ ಬರಿಸಿದ್ದರು. ಮಾರುವಾಗ ಕೊಟ್ಟದ್ದರ ಮುಕ್ಕಾಲೂ ಬರಲಿಲ್ಲ. ಆ ಕುರುಡು ನಾಯಿಯನ್ನು ನಾನು ಇನ್ನೂ ಮರೆತಿಲ್ಲ.

ಬಣ್ಣ ಅಂದೆನಲ್ಲ, ಅದೂ ಮುಖ್ಯ. ಬಾಡಿಯ ಮೇಲೆ ನೀಲಿ, ಕಂದು, ಬೂದು ಬಣ್ಣ ಮೋಡದ ಹಾಗೆ ಹರಡಿರುತ್ತದೆ. ಮೆರಿಡನ್ ಕಾಲದಲ್ಲಿ ಮೂಳೆಯ ಇದ್ದಿಲಿನ ಜೊತೆ ಲೋಹವನ್ನು ಕಾಯಿಸಿ ಥಟ್ಟನೆ ನೀರಿಗೆ ಹಾಕಿ ಈ ಬಣ್ಣ ಬರಿಸುತ್ತಿದ್ದರು. ಸಯನೈಡ್ ಉಪ್ಪಿನಲ್ಲಿ ಮಾಡಿದರೆ ಮೋಡದ ಬದಲು ಹುಲಿಪಟ್ಟೆಯ ಹಾಗೆ ಗೆರೆಗಳು ಬೀಳುತ್ತವೆ. ಕೈ ಹಿಡಿಯುವ ಜಾಗದಲ್ಲಿ, ಅಂದರೆ ಬಾಡಿಯ ಕೆಳಗೆ, ಬಣ್ಣ ಮೊದಲು ಹೋಗುತ್ತದೆ. ಅದು ಸಹಜ. ಕೆಳಗೆ ಮಾಸಿ, ಪಕ್ಕದ ಸಂದಿಗಳಲ್ಲಿ ಬಣ್ಣ ಉಳಿದಿದ್ದರೆ ಕೋವಿ ನಿಜ ಹೇಳುತ್ತಿದೆ. ಎಲ್ಲಾ ಕಡೆ ಒಂದೇ ಸಮ ಹೊಸದಾಗಿದ್ದು, ಟ್ರಿಗರ್ ಗಾರ್ಡ್ ಮಾತ್ರ ಸವೆದಿದ್ದರೆ ಪ್ರಶ್ನೆ ಕೇಳಿ.

ಎ-1 ಸ್ಪೆಷಲ್ ವಿಷಯ ಪೂರ್ತಿ ಬೇರೆ. ರಿಪ್ರೊಡಕ್ಷನ್‌ನಲ್ಲೂ ಆ ದರ್ಜೆ ಬಂತು, ಕೆತ್ತನೆ ಬಾಡಿ ತುಂಬಾ. ಬೆಲ್ಜಿಯಂನ ಲಿಯೆಜ್‌ನಲ್ಲಿ ಕಲಿತ ಫ್ರೆಂಚ್ ಕೆತ್ತನೆಗಾರ ಜೆಫ್ರುವಾ ಗೂರ್ನೆ ಪಾರ್ಕರ್ ರಿಪ್ರೊಡಕ್ಷನ್ಸ್‌ಗೆ ಕೆಲಸ ಮಾಡಿದವರು. ಅಂಥ ಕೈಯಿಂದ ಬಂದ, ಸಹಿ ಇರುವ, ಕಾಗದಪತ್ರ ಇರುವ ಕೋವಿಯಲ್ಲಿ ಕೆತ್ತನೆಗೇ ಬೆಲೆ. ಅಲ್ಲಿ ದುಡ್ಡು ಕೊಡಿ. ಆದರೆ ಡಿಎಚ್‌ಇ ತಂದು ಯಾರೋ ಪರಿಚಯದವರ ಕೈಯಲ್ಲಿ ಎ-1 ಥರ ಕೆತ್ತಿಸಿ "ಅಪ್‌ಗ್ರೇಡ್" ಅಂದರೆ, ಕೆತ್ತಿಸಿದ ಖರ್ಚು ಸಿಗುವುದಿರಲಿ, ಮೂಲ ಕೋವಿಯ ಬೆಲೆಯೂ ಇಳಿಯಬಹುದು. ಸಂಗ್ರಹಕಾರನಿಗೆ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು. ಒಳಗೆ ಯಾರದೋ ಹೆಸರಿನ ಮೊದಲಕ್ಷರ ಕೆತ್ತಿಸಿದ್ದರೂ ಸ್ವಲ್ಪ ಕಡಿಮೆಯೇ. ಆ ಹೆಸರು ರೂಸ್‌ವೆಲ್ಟ್ ಆಗಿದ್ದರೆ ಮಾತ್ರ ಕಥೆ ಬೇರೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಾದ ಬೇಟೆಗೆ ಒಯ್ದಿದ್ದ ಫಾಕ್ಸ್ ಕಂಪನಿಯ ಕೋವಿ 2010ರಲ್ಲಿ ಹರಾಜಾದಾಗ 8,62,500 ಡಾಲರ್ ಬಂತು. ಅದರ ಮೇಲೂ ಕೆತ್ತನೆ ಇದೆ, ಆದರೆ ದುಡ್ಡು ಕೆತ್ತನೆಗೆ ಬಂದದ್ದಲ್ಲ.

ಹಾಗಾದರೆ ನಿಮ್ಮ ಕೋವಿಯಲ್ಲಿ ದುಡ್ಡು ಯಾವುದಕ್ಕೆ? ಮೊದಲನೆಯದಾಗಿ ಆ 28ಕ್ಕೆ. ಊರಲ್ಲಿ ನಮಗೆಲ್ಲ ಗೊತ್ತಿರುವುದು 12 ಬೋರ್. ಒಂದು ಪೌಂಡ್ ಸೀಸದಲ್ಲಿ ನಳಿಗೆಯ ತೂತಿಗೆ ಸರಿಹೋಗುವ ಎಷ್ಟು ಗುಂಡು ಮಾಡಬಹುದೋ ಅದೇ ಗೇಜ್. ಹಾಗಾಗಿ ಅಂಕಿ ಏರಿದಷ್ಟೂ ತೂತು ಸಣ್ಣದು. 12 ಅಂದರೆ ಸುಮಾರು 18.5 ಮಿಲಿಮೀಟರ್, 28 ಅಂದರೆ ಸುಮಾರು 14. ಮೆರಿಡನ್‌ನವರು 28 ಮಾಡಿದ್ದೇ ಕಡಿಮೆ. ಒಳ್ಳೆ ಸ್ಥಿತಿಯ ಅಸಲಿ 28ಕ್ಕೆ ಹತ್ತಾರು ಸಾವಿರ ಡಾಲರ್. ಅದನ್ನು ಕೊಳ್ಳಲಾಗದವರು ರಿಪ್ರೊಡಕ್ಷನ್ 28ರ ಕಡೆ ತಿರುಗುತ್ತಾರೆ. ಅದಕ್ಕೇ ಒಂದೇ ಕೆತ್ತನೆ ಇದ್ದರೂ 12ಕ್ಕಿಂತ 28ಕ್ಕೆ ಗಿರಾಕಿ ಜಾಸ್ತಿ.

ಆಮೇಲೆ ಜೋಡಣೆ. ನೇರ ಹಿಡಿ, ಎರಡು ಟ್ರಿಗರ್, ತೆಳ್ಳನೆಯ ಫೋರೆಂಡ್ (ನಳಿಗೆಯ ಕೆಳಗೆ ಮುಂಗೈ ಹಿಡಿಯುವ ಮರ), 28 ಇಂಚಿನ ನಳಿಗೆ ಇದ್ದರೆ ಹಳೆ ರುಚಿಯವರು ಮುಗಿಬೀಳುತ್ತಾರೆ. ಪಿಸ್ತೂಲಿನಂಥ ವಕ್ರ ಹಿಡಿ, ಒಂದೇ ಟ್ರಿಗರ್, ಅಗಲ ಫೋರೆಂಡ್ ಆದರೆ ಗುರಿ ಹೊಡೆಯುವವರಿಗೆ ಹಿತ, ಸಂಗ್ರಹಕಾರರಿಗೆ ಅಷ್ಟಕ್ಕಷ್ಟೆ. ಎರಡನೇ ಜೊತೆ ನಳಿಗೆ ಇದೆಯಾ ಕೇಳಿ. 28ರ ಜೊತೆ ಅದಕ್ಕಿಂತಲೂ ಸಣ್ಣ ತೂತಿನ .410 ನಳಿಗೆ ಇರುವ ಸೆಟ್ಟುಗಳೂ ಬಂದಿದ್ದವು. ಪೆಟ್ಟಿಗೆ ಮೂಲದ್ದೇನಾ, ಕೈಪಿಡಿ ಇದೆಯಾ, ಹೊರಗಿನ ರಟ್ಟಿನ ಡಬ್ಬಿ ಇದೆಯಾ, ಅದರ ಮೇಲಿನ ನಂಬರು ಕೋವಿಯದ್ದೇನಾ. ಈ ಕಾಗದ-ರಟ್ಟುಗಳಿಗೆ ಕೆತ್ತನೆಗಿಂತ ಜಾಸ್ತಿ ಬೆಲೆ ಅಂದರೆ ನಗು ಬರಬಹುದು, ಆದರೆ ಮಾರುಕಟ್ಟೆ ಇರುವುದೇ ಹಾಗೆ.

ಬೆಲೆ ಕೆಡಿಸುವವು ಬೇಗ ಹೇಳುತ್ತೇನೆ. ಹಿಡಿ ಕತ್ತರಿಸಿ ರಬ್ಬರ್ ಪ್ಯಾಡ್ ಹಾಕಿದ್ದು. ನಳಿಗೆ ಗಿಡ್ಡ ಮಾಡಿದ್ದು. ತುದಿಗೆ ಸ್ಕ್ರೂ ಚೋಕ್ (ತೂತನ್ನು ಕಿರಿದು ಮಾಡುವ, ತಿರುಗಿಸಿ ಕೂರಿಸುವ ಕೊಳವೆ) ಕೂರಿಸಿದ್ದು. ಕೆಟ್ಟ ಸ್ಕ್ರೂಡ್ರೈವರ್ ಹಾಕಿ ಸ್ಕ್ರೂ ತಲೆಯ ಸೀಳು ಕಿತ್ತುಹೋದದ್ದು. ಕೋವಿ ತೆರೆಯುವ ಮೇಲಿನ ಲಿವರ್, ಕೋವಿ ಮುಚ್ಚಿದಾಗ, ನಡುವಿನಿಂದ ಬಲಕ್ಕೆ ನಿಂತರೆ ಕೋವಿ ಕಡಿಮೆ ಸವೆದಿದೆ, ಎಡಕ್ಕೆ ಸರಿದಿದ್ದರೆ ಚೆನ್ನಾಗಿ ದುಡಿದಿದೆ. ನಳಿಗೆಗಳನ್ನು ಬಿಚ್ಚಿ, ಕೊಂಡಿಯಿಂದ ನೇತುಹಾಕಿ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಬರಬೇಕು. ಒಡಕು ತಂಬಿಗೆಯ ಸದ್ದು ಬಂದರೆ ಎರಡು ನಳಿಗೆ ಕೂಡಿಸುವ ಪಟ್ಟಿಯ ಬೆಸುಗೆ ಬಿಟ್ಟಿರಬಹುದು. ಅಂಥದ್ದನ್ನು ಬಿಟ್ಟು ಬನ್ನಿ.

ಇನ್ನು ಅಂಕಿ. ಅಂತರಜಾಲದಲ್ಲಿ ಮಾರುವವರು ಕೇಳುವ ಬೆಲೆ ನೋಡಬೇಡಿ. ಎರಡು ವರ್ಷದಿಂದ ಅದೇ ಬೆಲೆಗೆ ಕೂತಿರುವ ಕೋವಿಗಳೂ ಅಲ್ಲಿರುತ್ತವೆ. ಗನ್‌ಬ್ರೋಕರ್ ಎಂಬ ಹರಾಜು ಜಾಲತಾಣದಲ್ಲಿ ಮುಗಿದ ಹರಾಜುಗಳನ್ನೂ, ರಾಕ್ ಐಲ್ಯಾಂಡ್‌ನಂಥ ಹರಾಜು ಮನೆಗಳ ಹಳೆಯ ಫಲಿತಾಂಶಗಳನ್ನೂ ನೋಡಿ. ಅದೇ ಗೇಜ್, ಅದೇ ದರ್ಜೆ, ಅದೇ ಜೋಡಣೆಯ ನಾಲ್ಕೈದು ಸಿಕ್ಕರೆ ಸಾಕು. ಒಂದು ಎಚ್ಚರ. ಹರಾಜಿನಲ್ಲಿ ಕೊಳ್ಳುವವನು ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್ನೂ ಕೊಡಬೇಕು. ಅದು ಶೇಕಡಾ 20 ಇದ್ದು, ಕೂಗು 5,000ಕ್ಕೆ ನಿಂತರೆ ಕೊಂಡವನ ಜೇಬಿಂದ ಹೋದದ್ದು 6,000. ಮಾರಿದವನಿಗೆ ಸಿಕ್ಕಿದ್ದು 5,000ಕ್ಕಿಂತ ಕಡಿಮೆ. ನೆರೆಮನೆಯವರ ಜೊತೆ ನಡುವೆ ಯಾರೂ ಇಲ್ಲ. ಹಾಗಾಗಿ ಈ ಎರಡರ ಮಧ್ಯದಲ್ಲಿ ಎಲ್ಲಿ ಕೂಡಿದರೂ ಇಬ್ಬರಿಗೂ ಲಾಭ. ಲೆಕ್ಕವನ್ನು ಅವರ ಮುಂದೆಯೇ ಬಿಚ್ಚಿಡಿ. ಹಿರಿಯರ ಹತ್ತಿರ ಚೌಕಾಸಿಗಿಂತ ಅದು ಚೆನ್ನ, ಅಲ್ವಾ?

"ಬೆಲೆ ಇಳಿಯಲ್ಲ" ಅನ್ನೋದನ್ನು ನಾನು ಒಪ್ಪಲ್ಲ. ಇವನ್ನು ಪ್ರೀತಿಸಿ ಕೊಂಡ ತಲೆಮಾರಿಗೆ ವಯಸ್ಸಾಗಿದೆ. ಅವರ ಕಪಾಟುಗಳು ಒಂದೊಂದಾಗಿ ಮಾರುಕಟ್ಟೆಗೆ ಬರುತ್ತಿವೆ. 28 ಗೇಜ್ ಉಳಿದವುಗಳಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ ಅಂತ ನನ್ನ ಅಂದಾಜು, ಅಷ್ಟೇ. ಚಿನ್ನದ ಥರ ಕೂಡಿಡಲು ಕೊಳ್ಳಬೇಡಿ. ಇನ್ನೊಂದು ಮಾತು, ಇದನ್ನು ನ್ಯೂ ಬ್ರಿಟನ್‌ನ ಕನೆಕ್ಟಿಕಟ್ ಶಾಟ್‌ಗನ್ ಕಂಪನಿ 1990ರ ದಶಕದಿಂದ ಮಾಡುತ್ತಿರುವ ಎ.ಎಚ್. ಫಾಕ್ಸ್ ಕೋವಿಗಳ ಜೊತೆ ಹೋಲಿಸಬೇಡಿ. ಅವು ಗಿರಾಕಿ ಹೇಳಿದ ಹಾಗೆ ಒಂದೊಂದಾಗಿ ಕಟ್ಟುವಂಥವು, ಅಲ್ಲಿ ಕೆತ್ತನೆಗೆ ಪ್ರತ್ಯೇಕ ಬೆಲೆ ಇರುತ್ತದೆ. ನಿಮ್ಮ ನೆರೆಮನೆಯವರು ಬಹುಶಃ ಆ ಲೆಕ್ಕವನ್ನೇ ಇಲ್ಲಿಗೂ ತಂದಿದ್ದಾರೆ.

ಕೊನೆಗೆ ಊರಿನ ಮಾತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋದ್ ದಿನ ಈ ಪಾರ್ಕರ್‌ನ ನಳಿಗೆಗೂ ತೋಕ್ ಪೂ (ಕೋವಿಹೂ) ಸಿಕ್ಕಿಸುವ ಆಸೆ ನಿಮಗಿದ್ದೀತು. ದಾರಿ ಇದೆ, ಆದರೆ ಇಕ್ಕಟ್ಟು. ಪ್ರಯಾಣಿಕರ ಸಾಮಾನಿನ ಜೊತೆ ಕೋವಿ ತರುವುದನ್ನು ಭಾರತದ ಕಸ್ಟಮ್ಸ್ ನಿಷೇಧಿಸಿದೆ. ವಾಸವನ್ನೇ ಬದಲಿಸಿ ಬರುವವರಿಗೆ ಮಾತ್ರ ಒಂದು ಕೋವಿಗೆ ಅವಕಾಶ. ಅದು ಅನುಮತಿ ಇರುವ ಬೋರಿನದಾಗಿರಬೇಕು. ಹೊರದೇಶದಲ್ಲಿ ಕನಿಷ್ಠ ಒಂದು ವರ್ಷ ನಿಮ್ಮ ಕೈಯಲ್ಲಿದ್ದು ಬಳಕೆಯಲ್ಲಿರಬೇಕು. ಸುಂಕ ಕಟ್ಟಬೇಕು. ಭಾರತದ ಲೈಸೆನ್ಸ್ ತೋರಿಸಬೇಕು. ತಂದ ಮೇಲೆ ನಿಮ್ಮ ಜೀವಮಾನದಲ್ಲಿ ಮಾರುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ ನಿಜ. ಆದರೆ ಆ ವಿನಾಯಿತಿ ಪತ್ರ ವಿಮಾನ ನಿಲ್ದಾಣದಲ್ಲಿ ನಡೆಯುತ್ತದೆ ಅಂತ ನಂಬಿಕೊಂಡು ಹೊರಡಬೇಡಿ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೂ ಕಸ್ಟಮ್ಸ್‌ಗೂ ಮೊದಲೇ ಪತ್ರ ಬರೆದು, ಉತ್ತರವನ್ನು ಕಾಗದದಲ್ಲೇ ತರಿಸಿಕೊಳ್ಳಿ. ಅಮೆರಿಕದಿಂದ ಹೊರಗೆ ಒಯ್ಯುವ ನಿಯಮ ಬೇರೆ ಇದೆ, ಅದನ್ನೂ ಕೇಳಿಕೊಳ್ಳಿ.

ಸದ್ಯಕ್ಕೆ ಶನಿವಾರ ಬೆಳಗ್ಗೆ ಮಸೂರ ಹಿಡಿದು ನೆರೆಮನೆಗೆ ಹೋಗಿ. ಬಾಡಿಯ ಎರಡೂ ಪಕ್ಕ, ಕೆಳಭಾಗ, ನಂಬರು, ಸ್ಕ್ರೂ ತಲೆಗಳು, ಮರ ಮತ್ತು ಲೋಹ ಸೇರುವ ಅಂಚು, ಇಷ್ಟರ ಫೋಟೋ ಓರೆ ಬೆಳಕಿನಲ್ಲಿ ತೆಗೆದು ಕಳಿಸಿ. ನಾಯಿಯ ಕಣ್ಣನ್ನು ಮಾತ್ರ ಹತ್ತಿರದಿಂದ ತೆಗೆಯಿರಿ. ನಾನು ಮೊದಲು ನೋಡುವುದು ಅದನ್ನೇ.